194 ಮಕ್ಕಳು, ಮೂವರು ಅಡುಗೆಯವರು: ಚಳ್ಳಕೆರೆ ಸೀಮೆಯ ಒಂದು ಶಾಲೆಯ ಪ್ರಕರಣ

2024ರ ಡಿಸೆಂಬರ್ ಮೊದಲ ವಾರ. ಒಂದು ಮಂಗಳವಾರ ನಮ್ಮ ಶಾಲೆಯ ಮಕ್ಕಳು ಊಟಕ್ಕೆ ಕೂತಾಗ ಗಂಟೆ 2 ದಾಟಿತ್ತು. ಅವತ್ತು ಅಡುಗೆಮನೆಯಲ್ಲಿ ಇದ್ದವರು ಇಬ್ಬರೇ. ಮೂರನೆಯವರು ಬೆಳಿಗ್ಗೆಯೇ ಕೈ ಸುಟ್ಟುಕೊಂಡು ಆಸ್ಪತ್ರೆ ಸೇರಿದ್ದರು. ಚಿಕ್ಕ ಮಕ್ಕಳು ತಟ್ಟೆ ಹಿಡಿದು ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. ಎರಡನೇ ಕ್ಲಾಸಿನ ಒಬ್ಬಳು ಖಾಲಿ ತಟ್ಟೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ಅವತ್ತು ಯಾಕೆ ಹಾಗಾಯಿತು ಅಂತ ಹುಡುಕುತ್ತಾ ಹೋದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಈ ಶಾಲೆಯ ಶಿಕ್ಷಕಿ. ಆರು ವರ್ಷದಿಂದ ಬಿಸಿಯೂಟದ ಲೆಕ್ಕ ನನ್ನ ಕೈಯಲ್ಲಿದೆ. ಶಾಲೆ ಇರುವುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ನಾಯಕನಹಟ್ಟಿ ಕಡೆಯ ಒಂದು ಹಳ್ಳಿಯಲ್ಲಿ. ಊರಿನ ಹೆಸರನ್ನೂ ಅಡುಗೆಯವರ ಹೆಸರನ್ನೂ ಬರೆದಿಲ್ಲ. ಅವರೇ ಬೇಡ ಅಂದರು. ಯಾಕೆ ಬೇಡ ಅಂದರು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಶಾಲೆ ಮತ್ತು ಮೂವರು ಅಕ್ಕಂದಿರು

ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳನೇ ತರಗತಿ. 2024-25ರಲ್ಲಿ ದಾಖಲಾತಿ 194. ಅದರಲ್ಲಿ ಐದನೇ ತರಗತಿವರೆಗೆ 128 ಮಕ್ಕಳು, ಆರು ಮತ್ತು ಏಳರಲ್ಲಿ 66. ಮುಖ್ಯ ಶಿಕ್ಷಕರೂ ಸೇರಿ ಆರು ಜನ ಶಿಕ್ಷಕರಿದ್ದೇವೆ. ಜವಾನರಿಲ್ಲ, ಗುಮಾಸ್ತರಿಲ್ಲ, ಕಸ ಗುಡಿಸುವವರಿಲ್ಲ. ಅಡುಗೆಯವರು ಮೂವರು.

ಮಕ್ಕಳು ಅವರನ್ನು ದೊಡ್ಡಕ್ಕ, ನಡುವಿನಕ್ಕ, ಚಿಕ್ಕಕ್ಕ ಅಂತ ಕರೆಯುತ್ತಾರೆ. ನಾವೂ ಹಾಗೇ ಕರೆಯುತ್ತೇವೆ. ದೊಡ್ಡಕ್ಕನಿಗೆ 58 ವರ್ಷ. ಅಕ್ಷರ ದಾಸೋಹ ಅನ್ನುವ ಈ ಬಿಸಿಯೂಟ ಯೋಜನೆ 2002ರಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ 2003ರಲ್ಲಿ ನಮ್ಮ ಕಡೆಗೆ ಬಂತಲ್ಲ, ಅವತ್ತಿನಿಂದ ಇವರು ಇದೇ ಒಲೆಯ ಮುಂದೆ ಇದ್ದಾರೆ. ನಡುವಿನಕ್ಕ ಗಂಡನನ್ನು ಕಳೆದುಕೊಂಡವರು, ಅವರ ಮಗಳು ನಮ್ಮಲ್ಲೇ ಆರನೇ ತರಗತಿ. ಚಿಕ್ಕಕ್ಕನಿಗೆ 29. ಪಿಯುಸಿ ಒಂದು ವಿಷಯದಲ್ಲಿ ನಿಂತುಹೋಗಿದೆ. ಅಕ್ಷರ ಮುತ್ತಿನ ಹಾಗಿದೆ.

ಮೊದಲು ನಾಲ್ವರಿದ್ದರು. ನಾಲ್ಕನೆಯವರಿಗೆ 60 ತುಂಬಿತು, ಬಿಡುಗಡೆ ಮಾಡಿದರು. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳೋಣ ಅಂದರೆ ನಿಯಮ ಅಡ್ಡ ಬಂತು. ಆ ನಿಯಮ ಹೀಗಿದೆ: 25 ಮಕ್ಕಳವರೆಗೆ ಒಬ್ಬ ಅಡುಗೆಯವರು. 26ರಿಂದ 100ರವರೆಗೆ ಇಬ್ಬರು. ಆಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು. ಹಿಂದಿನ ವರ್ಷ ನಮ್ಮಲ್ಲಿ 211 ಮಕ್ಕಳಿದ್ದರು, ನಾಲ್ವರು ಸಿಗುತ್ತಿದ್ದರು. ಈಗ 194. ಊರಿಗೆ ಈಗ ಖಾಸಗಿ ಶಾಲೆಯ ಹಳದಿ ಬಸ್ಸು ಬರುತ್ತದೆ. ಇಂಗ್ಲಿಷ್ ಮೀಡಿಯಂ ಅಂತ ಹದಿನೇಳು ಮಕ್ಕಳು ಅದನ್ನು ಹತ್ತಿದರು. ಅವರ ಹಿಂದೆಯೇ ಒಬ್ಬ ಅಡುಗೆಯವರ ಹುದ್ದೆಯೂ ಹೋಯಿತು.

ಮಕ್ಕಳು ಕಡಿಮೆಯಾದರೆ ಕೆಲಸವೂ ಕಡಿಮೆ ಅಲ್ವಾ ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಕೆಲಸ ಬೆಳೆದ ಬಗೆ

2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿ ಹಾಲು. ಮೊದಲು ವಾರಕ್ಕೆ ಮೂರು ದಿನ ಇತ್ತು, ಆಮೇಲೆ ಐದು ದಿನವಾಯಿತು. ನಮ್ಮ 194 ಮಕ್ಕಳಿಗೆ ದಿನಕ್ಕೆ 29 ಲೀಟರ್ ಹಾಲು ಕಾಯಿಸಬೇಕು. ಪುಡಿಯನ್ನು ಗಂಟಿಲ್ಲದಂತೆ ಕಲಸುವುದೇ ಒಂದು ಕೆಲಸ. 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಸೇರಿತು. ಮಾಲ್ಟ್ ತಳ ಹಿಡಿಯುತ್ತದೆ. ತಿರುವುತ್ತಲೇ ಇರಬೇಕು, ಪಾತ್ರೆ ತಿಕ್ಕಲು ಎರಡು ಪಟ್ಟು ಹೊತ್ತು ಹಿಡಿಯುತ್ತದೆ.

2024ರ ಬೇಸಿಗೆಯಲ್ಲಿ ರಜೆಯೂ ಇರಲಿಲ್ಲ. ಬರಪೀಡಿತ ತಾಲ್ಲೂಕುಗಳಲ್ಲಿ ಏಪ್ರಿಲ್-ಮೇ ರಜೆಯಲ್ಲಿ 41 ದಿನ ಬಿಸಿಯೂಟ ಕೊಡಬೇಕು ಅಂತ ಆದೇಶವಾಯಿತು. ಒಳ್ಳೆಯ ಆದೇಶ, ಅದರಲ್ಲಿ ಎರಡು ಮಾತಿಲ್ಲ. ಆ ವರ್ಷ ನಮ್ಮ ಸೀಮೆಯಲ್ಲಿ ಶೇಂಗಾ ಕೈಕೊಟ್ಟಿತ್ತು, ಮನೆಗಳಲ್ಲಿ ಕೂಲಿ ಇರಲಿಲ್ಲ. ಮಕ್ಕಳು ತಟ್ಟೆ ಹಿಡಿದು ಬಿಸಿಲಲ್ಲಿ ನಡೆದು ಬರುತ್ತಿದ್ದರು. ತಗಡಿನ ಮಾಡಿನ ಅಡುಗೆಮನೆಯಲ್ಲಿ ಮೇ ತಿಂಗಳು ನಿಂತು ಬೇಯಿಸಿದವರು ಇವರೇ. ಜೂನ್ ಬಂದಾಗ ಎಲ್ಲರೂ ರಜೆ ಮುಗಿಸಿ ಬಂದೆವು. ಇವರು ಮಾತ್ರ ಹಿಂದಿನ ವರ್ಷದ ದಣಿವನ್ನೇ ಹೊತ್ತು ಬಂದರು.

ಸೆಪ್ಟೆಂಬರ್ ಕೊನೆಗೆ ಮೊಟ್ಟೆ ಬಂತು. ಮೊದಲು ವಾರಕ್ಕೆ ಎರಡು ದಿನ ಇದ್ದದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಆರು ದಿನವಾಯಿತು. ಮಕ್ಕಳ ಪಾಲಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನಮ್ಮಲ್ಲಿ 31 ಮಕ್ಕಳು ಬಾಳೆಹಣ್ಣು ತೆಗೆದುಕೊಳ್ಳುತ್ತಾರೆ, ಉಳಿದ 163 ಮಕ್ಕಳಿಗೆ ಮೊಟ್ಟೆ. ಒಂದು ಮೊಟ್ಟೆ ಸುಲಿಯಲು 20 ಸೆಕೆಂಡ್ ಅಂತ ಇಟ್ಟರೂ 163 ಮೊಟ್ಟೆಗೆ 54 ನಿಮಿಷ. ಬೇಯಿಸುವುದು, ತಣ್ಣೀರಿಗೆ ಹಾಕುವುದು, ಸಿಪ್ಪೆ ಗುಂಡಿಗೆ ಹಾಕುವುದು ಬೇರೆ. ಒಂದು ಮೊಟ್ಟೆಗೆ 6 ರೂಪಾಯಿ ಬರುತ್ತದೆ. ಗ್ಯಾಸು, ಸಾಗಣೆ, ಸುಲಿಯುವ ಕೂಲಿ ಎಲ್ಲ ಅದರಲ್ಲೇ. ಚಳಿಗಾಲದಲ್ಲಿ ಅಂಗಡಿಯಲ್ಲಿ ಮೊಟ್ಟೆಯೇ 6 ರೂಪಾಯಿ ದಾಟುತ್ತದೆ. ಇನ್ನು ಸುಲಿಯುವ ಕೂಲಿಗೆ ಎಲ್ಲಿ ಉಳಿಯುತ್ತದೆ?

ಶೌಚಾಲಯದ್ದು ಬೇರೆಯೇ ಕಥೆ. 2023ರ ಕೊನೆಯಲ್ಲಿ ರಾಜ್ಯದ ಕೆಲವು ಶಾಲೆಗಳಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ್ದು ದೊಡ್ಡ ಸುದ್ದಿಯಾಯಿತು. ಮಕ್ಕಳಿಂದ ಮಾಡಿಸಲೇಬಾರದು ಅಂತ ಕಟ್ಟುನಿಟ್ಟಿನ ಸೂಚನೆ ಬಂತು. ಬರಲೇಬೇಕಿತ್ತು. ಆದರೆ ಯಾರು ತೊಳೆಯಬೇಕು ಅನ್ನುವುದಕ್ಕೆ ಉತ್ತರ ಬರಲಿಲ್ಲ. ನೂರರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಅನುದಾನವಿದೆ. ಅದರಲ್ಲಿ ಕನಿಷ್ಠ ಹತ್ತನೇ ಒಂದು ಭಾಗ ಸ್ವಚ್ಛತೆಗೆ. ಅಂದರೆ 5,000. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 500. ಅದರಲ್ಲೇ ಫಿನಾಯಿಲ್, ಪೊರಕೆ, ಬಕೆಟ್. 500 ರೂಪಾಯಿಗೆ ಯಾರೂ ಬರಲಿಲ್ಲ. ಶನಿವಾರ ಊಟ ಮುಗಿದ ಮೇಲೆ ನಮ್ಮ ಅಕ್ಕಂದಿರೇ ತೊಳೆಯತೊಡಗಿದರು. ಯಾರೂ ಹೇಳಲಿಲ್ಲ. ಯಾರೂ ಬೇಡ ಅನ್ನಲೂ ಇಲ್ಲ. ಮಕ್ಕಳ ಅನ್ನ ಮುಟ್ಟುವ ಕೈ ಅದು. ನನಗೆ ಇದು ಗೊತ್ತಿತ್ತು, ಆದರೂ ಸುಮ್ನೆ ಇದ್ದೆ. ಈ ಪ್ರಕರಣದಲ್ಲಿ ನನ್ನ ತಪ್ಪು ಅಂತ ಮೊದಲು ಬರೆಯಬೇಕಾದದ್ದು ಇದನ್ನೇ.

ಆ ಮಂಗಳವಾರ ಆದದ್ದು

ನಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಈ ಭಾಗದ ಹಲವು ಹಳ್ಳಿಗಳಲ್ಲಿ ಹೀಗೇ. ಅದಕ್ಕೆ ಅಡುಗೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರಬೇಕು. ಹಾಲು, ಅನ್ನ, ಸಾರು ಎಲ್ಲಕ್ಕೂ ಸೇರಿ ದಿನಕ್ಕೆ 20 ಲೀಟರಿನ ಆರು ಕ್ಯಾನು ಬೇಕು. ತೊಳೆಯುವ ನೀರು ಗೇಟಿನ ಹೊರಗಿನ ಮಿನಿ ಟ್ಯಾಂಕಿನಿಂದ, ಕೊಡದಲ್ಲಿ. ಬೆಳಿಗ್ಗೆ ಎಂಟೂವರೆಯಿಂದ ಇದೇ ಓಡಾಟ. ಕೊಡ ತುಳುಕುತ್ತದೆ, ಅಡುಗೆಮನೆಯ ಹೊಸ್ತಿಲು ಯಾವಾಗಲೂ ಒದ್ದೆ.

ಅವತ್ತು ರಾಗಿ ಮಾಲ್ಟ್ ದಿನ. ಮಾಲ್ಟ್ ಕುದಿದಿತ್ತು. ದೊಡ್ಡಕ್ಕ, ಚಿಕ್ಕಕ್ಕ ಇಬ್ಬರೂ ನೀರಿಗೆ ಹೋಗಿದ್ದರು. ಪ್ರಾರ್ಥನೆ ಮುಗಿಯುತ್ತಾ ಬಂದಿತ್ತು. ಮಕ್ಕಳು ಲೋಟ ಹಿಡಿದು ಬರುತ್ತಾರೆ ಅಂತ ನಡುವಿನಕ್ಕ ಪಾತ್ರೆಯನ್ನು ಒಬ್ಬರೇ ಇಳಿಸಿ ಹೊರಗೆ ತಂದರು. ದಿನಾ ಇಬ್ಬರು ಹಿಡಿಯುವ ಪಾತ್ರೆ ಅದು. ಹೊಸ್ತಿಲಲ್ಲಿ ಕಾಲು ಜಾರಿತು. ಮಾಲ್ಟ್ ಅಂಟುತ್ತದೆ, ನೀರಿನ ಹಾಗೆ ಹರಿದುಹೋಗುವುದಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತು. ಮಕ್ಕಳು ಇನ್ನೂ ಹತ್ತು ಹೆಜ್ಜೆ ಆಚೆ ಇದ್ದರು. ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಅವರು ಕೇಳಿದ್ದು ಒಂದೇ. "ಮಿಸ್, ನಾಳೆ ನನ್ನ ಬದ್ಲಿ ಯಾರ್ನ ಕಳಿಸ್ಲಿ?"

ಇವರಿಗೆ ರಜೆ ಅನ್ನುವುದಿಲ್ಲ. ಹುಷಾರಿಲ್ಲದಿದ್ದರೆ ಬದಲಿ ಆಳನ್ನು ತಾವೇ ಹುಡುಕಿ ಕಳಿಸಬೇಕು, ಕೂಲಿ ತಾವೇ ಕೊಡಬೇಕು. ಹೀಗೆ ಮಾಡಿ ಅಂತ ಯಾವ ಕಾಗದದಲ್ಲೂ ನಾನು ಓದಿಲ್ಲ, ರೂಢಿಯಲ್ಲಿ ಹಾಗೇ ನಡೆದುಬಂದಿದೆ. ನಡುವಿನಕ್ಕ ಗುಣವಾಗಿ ಬರಲು 16 ಕೆಲಸದ ದಿನ ಬೇಕಾಯಿತು. ಐದು ದಿನ ಅವರ ಅಕ್ಕ ಬಂದು ದುಡಿದರು. ಎಂಟು ದಿನ ಕೂಲಿಯವರನ್ನು ಹಿಡಿದರು, ದಿನಕ್ಕೆ 300. ಮೂರು ದಿನ ಯಾರೂ ಸಿಗಲಿಲ್ಲ. ಎಂಟು ದಿನಕ್ಕೆ 2,400 ಆಯಿತು. ಅವರ ತಿಂಗಳ ಗೌರವಧನ 3,600. ಉಳಿದದ್ದು 1,200. ಔಷಧಿಗೆ ಮಹಿಳಾ ಸಂಘದಲ್ಲಿ ಸಾಲ ತೆಗೆದರು.

ಈ 3,600ರ ಬಗ್ಗೆ ಸ್ವಲ್ಪ ಹೇಳಬೇಕು. 2024-25ರಲ್ಲಿ ಮುಖ್ಯ ಅಡುಗೆಯವರಿಗೆ 3,700, ಸಹಾಯಕರಿಗೆ 3,600 ಇತ್ತು. ಅದರಲ್ಲಿ ಯೋಜನೆಯ ಮೂಲ ಗೌರವಧನ 1,000 ರೂಪಾಯಿ. ಅದನ್ನು ಕೇಂದ್ರ, ರಾಜ್ಯ 60:40ರಲ್ಲಿ ಹಂಚಿಕೊಳ್ಳುತ್ತವೆ. 2009ರಲ್ಲಿ ನಿಗದಿಯಾದ ಆ ಸಾವಿರ 2024-25ರಲ್ಲೂ ಸಾವಿರವೇ. ಮೇಲಿನದ್ದು ರಾಜ್ಯ ಸೇರಿಸಿದ್ದು. 26 ದಿನಕ್ಕೆ ಹಂಚಿದರೆ ದಿನಕ್ಕೆ 138 ರೂಪಾಯಿ. ಅದೇ ವರ್ಷ ನಮ್ಮ ರಾಜ್ಯದಲ್ಲಿ ನರೇಗಾ (ಉದ್ಯೋಗ ಖಾತ್ರಿ) ಕೂಲಿ ದಿನಕ್ಕೆ 349. 2024ರ ಡಿಸೆಂಬರ್‌ನಲ್ಲೇ ಊಟದ ಸಾಮಗ್ರಿಯ ದರ ಏರಿತು. ಒಂದು ಮಗುವಿನ ಒಂದು ಊಟಕ್ಕೆ ಕಿರಿಯರಿಗೆ 5.45 ರೂಪಾಯಿ ಇದ್ದದ್ದು 6.19, ಹಿರಿಯರಿಗೆ 8.17 ಇದ್ದದ್ದು 9.29. ಬೇಳೆ, ಎಣ್ಣೆ, ತರಕಾರಿ, ಗ್ಯಾಸಿನ ಬೆಲೆ ಏರಿದ್ದು ದೆಹಲಿಗೆ ಕಂಡಿತು. ಬೇಯಿಸುವವರ ಮನೆಯಲ್ಲೂ ಅದೇ ಬೇಳೆ, ಅದೇ ಎಣ್ಣೆ ಅಲ್ವಾ?

ಪುಸ್ತಕ

ಆ ವಾರ ದೊಡ್ಡಕ್ಕ ಒಂದು ಮಾತು ಹೇಳಿದರು. ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಯ ಮಾತು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ.

"ಮಾಡಿದಷ್ಟು ನೀಡು ಭಿಕ್ಷೆ ಅಂತಾರಲ್ಲ ಮಿಸ್. ನಾವು ಎಷ್ಟು ಮಾಡ್ತೀವಿ ಅಂತ ಬರ್ದಿಟ್ಟವ್ರೇ ಇಲ್ಲ. ಇನ್ನ ನೀಡೋರು ಹೆಂಗ್ ನೀಡ್ತಾರೆ?"

ನಾನು ರಾತ್ರಿ ನಮ್ಮ ಬಿಸಿಯೂಟದ ರಿಜಿಸ್ಟರ್ ತೆಗೆದು ನೋಡಿದೆ. ಅಕ್ಕಿಗೆ ಕಾಲಂ ಇದೆ. ಬೇಳೆ, ಎಣ್ಣೆ, ಉಪ್ಪು, ಹಾಲಿನ ಪುಡಿ ಎಲ್ಲಕ್ಕೂ ಗ್ರಾಂ ಲೆಕ್ಕದಲ್ಲಿ ಕಾಲಂ ಇದೆ. ಊಟದ ರುಚಿ ನೋಡಿದವರ ಸಹಿಗೆ ಬೇರೆ ಪುಸ್ತಕವೇ ಇದೆ. ಅಡುಗೆಯವರ ಕೆಲಸಕ್ಕೆ ಒಂದು ಗೆರೆಯೂ ಇಲ್ಲ. ಕಾಗದದ ಮೇಲೆ ಅವರದ್ದು ದಿನಕ್ಕೆ 4 ಗಂಟೆಯ ಅರೆಕಾಲಿಕ ಕೆಲಸ. ಅಲ್ಲಿಗೆ ಮುಗಿಯಿತು.

ನಡುವಿನಕ್ಕ ವಾಪಸ್ಸು ಬಂದ ಮೇಲೆ, ಜನವರಿಯಲ್ಲಿ, 12 ಕೆಲಸದ ದಿನ ಬರೆದೆವು. 100 ಪುಟದ ನೋಟ್‌ಬುಕ್. ಬರೆದವರು ಚಿಕ್ಕಕ್ಕ. ಮೊದಲೆರಡು ದಿನ ಬರೀ ಅಡುಗೆ, ಪಾತ್ರೆ, ಬಡಿಸುವುದು ಇತ್ತು. ಉಳಿದದ್ದು ಯಾಕೆ ಬರೆದಿಲ್ಲ ಅಂದರೆ, "ಅದು ಕೆಲ್ಸ ಅಲ್ವಲ್ಲ ಮಿಸ್, ಮಧ್ಯ ಮಾಡೋದು" ಅಂದರು. ಮೂರನೇ ದಿನದಿಂದ ಎಲ್ಲ ಬರೆಯಿರಿ ಅಂದೆ. ಆಮೇಲೆ ಪುಟ ಹೀಗಿತ್ತು:

"10.05 ಗಂಟೆ ಹೊಡೆದೆ. 10.10 ಸಾರ್‌ಗಳಿಗೆ ಟೀ. 10.20 ಒಂದನೇ ಕ್ಲಾಸಿನ ಹುಡುಗ ವಾಂತಿ ಮಾಡಿದ, ತೊಳೆದೆ, ಮುಖ ಒರೆಸಿದೆ. 10.30 ಲೋಟ ತೊಳೆಯೋಕೆ ವಾಪಸ್."

12 ದಿನದ್ದು ಕೂಡಿಸಿ ಸರಾಸರಿ ತೆಗೆದೆ. ಮೂವರದ್ದೂ ಸೇರಿ ಒಂದು ದಿನಕ್ಕೆ 1,200 ನಿಮಿಷ. ಹಾಲು, ಮಾಲ್ಟ್, ಲೋಟ ತೊಳೆಯುವುದು 180. ನೀರು ಹೊರುವುದು 105. ಅಕ್ಕಿ ಬೇಳೆ ಆರಿಸುವುದು, ತರಕಾರಿ ಹೆಚ್ಚುವುದು 165. ಒಲೆಯ ಮುಂದೆ 270. ಮೊಟ್ಟೆ, ಬಾಳೆಹಣ್ಣು 110. ಬಡಿಸುವುದು 120. ಪಾತ್ರೆ, ನೆಲ ತೊಳೆಯುವುದು 160. ಗುಡಿಸುವುದು, ಗಂಟೆ, ಟೀ, ಶೌಚಾಲಯ, ಹುಷಾರಿಲ್ಲದ ಮಕ್ಕಳು ಎಲ್ಲ ಸೇರಿ 90.

ಒಬ್ಬರಿಗೆ 6 ಗಂಟೆ 40 ನಿಮಿಷ. ಕಾಗದದ ಲೆಕ್ಕದಲ್ಲಿ ಮೂವರಿಗೆ 12 ಗಂಟೆ, ನಿಜವಾಗಿ 20. ಹೆಚ್ಚಾಗಿರುವ 8 ಗಂಟೆ ಅಂದರೆ ನಾಲ್ಕು ನಾಲ್ಕು ಗಂಟೆಯ ಇಬ್ಬರ ಕೆಲಸ. ಇನ್ನೊಂದು ಲೆಕ್ಕ ಹಾಕಿದೆ. ಹಾಲು, ಮೊಟ್ಟೆ, ನೀರು, ಆ ಕೊನೆಯ ಚಿಲ್ಲರೆ ಕೆಲಸ ಕೂಡಿಸಿದರೆ 485 ನಿಮಿಷ, ಅಂದರೆ ಅದೇ 8 ಗಂಟೆ. ಅನ್ನ, ಸಾರು ಮಾಡಿ ಬಡಿಸಿ ತೊಳೆಯುವುದಷ್ಟೇ ಇದ್ದರೆ ಮೂವರಿಗೆ 4 ಗಂಟೆ ಸಾಕು. ನಿಯಮ ಮಾಡಿದವರ ಕಣ್ಣ ಮುಂದೆ ಇದ್ದದ್ದು ಅಷ್ಟೇ. ಆಮೇಲೆ ಬಂದ ಪ್ರತಿಯೊಂದು ಒಳ್ಳೆಯ ಯೋಜನೆಯೂ ಮಕ್ಕಳ ತಟ್ಟೆಗೆ ಏನು ಬೇಕು ಅಂತ ಯೋಚಿಸಿದೆ. ಅದನ್ನು ತಟ್ಟೆಗೆ ಹಾಕುವ ಕೈ ಯಾವುದು ಅಂತ ಕೇಳಿಲ್ಲ. ಆಳು ಕೊಡುವುದು ಮಕ್ಕಳ ತಲೆ ಎಣಿಸಿ. ಕೆಲಸ ಬೆಳೆಯುವುದು ಬೇರೆ ಅಳತೆಯಲ್ಲಿ.

ಎಸ್‌ಡಿಎಂಸಿ ಸಭೆ

ಜನವರಿ ಕೊನೆಗೆ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕರೆದೆವು. ಅಕ್ಕಂದಿರು ಒಳಗೆ ಬರಲಿಲ್ಲ, ಬಾಗಿಲ ಹತ್ತಿರ ನಿಂತರು. ಹಿಂದಿನ ದಿನ ದೊಡ್ಡಕ್ಕ ನನ್ನ ಕೈ ಹಿಡಿದು, "ನಾವು ಕಂಪ್ಲೇಂಟ್ ಮಾಡಿದ್ವಿ ಅಂತ ಆಗ್ಬಾರ್ದು ಮಿಸ್. ಇನ್ನೊಬ್ರನ್ನ ತಗಂಬರ್ತೀವಿ ಅಂದ್ಬಿಟ್ರೆ?" ಅಂದಿದ್ದರು. ಹೆಸರು ಬೇಡ ಅಂದದ್ದು ಇದಕ್ಕೇ. 22 ವರ್ಷ ದುಡಿದ ಮೇಲೂ ಕೈಯಲ್ಲಿ ನೇಮಕದ ಕಾಗದವಿಲ್ಲ. ಆ ಭಯ ಸುಳ್ಳಲ್ಲ. ಸಭೆಯಲ್ಲಿ ಒಬ್ಬರು ಅಂದೇಬಿಟ್ಟರು, "ಈ ಕೆಲ್ಸಕ್ಕೆ ಊರಾಗೆ ಹತ್ತು ಜನ ನಿಂತವ್ರೆ."

ನಾನು ಉತ್ತರ ಕೊಡಲಿಲ್ಲ. ನೋಟ್‌ಬುಕ್ಕಿನ ಒಂದು ದಿನವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಓದಲು ಹತ್ತು ನಿಮಿಷ ಬೇಕಾಯಿತು. ಶೇಂಗಾ ಬೆಳೆಯುವ ಒಬ್ಬ ಸದಸ್ಯರು ಕೊನೆಗೆ ಬಾಯಿಬಿಟ್ಟರು. "ನಮ್ಮ ಹೊಲಕ್ಕೆ ಕಳೆ ತೆಗ್ಯಾಕೆ ಬರೋರಿಗೆ 300 ಕೊಡ್ತೀವಿ. ಮಧ್ಯಾಹ್ನ ಊಟಕ್ಕೆ ಒಂದು ಗಂಟೆ ಬಿಡ್ತೀವಿ. ಈ ಯಮ್ಮಂದ್ರು ಯಾವಾಗ ಉಣ್ತಾರೆ?" ಪುಸ್ತಕದಲ್ಲಿ ಹುಡುಕಿದೆ. 12 ದಿನದಲ್ಲಿ ಎಲ್ಲೂ ಅವರ ಊಟದ ಹೊತ್ತು ಬರೆದಿರಲಿಲ್ಲ. ಪಾತ್ರೆ ತೊಳೆಯುವಾಗ ನಿಂತೇ ತಿನ್ನುತ್ತಾರಂತೆ.

ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಕೆಲವು ಕೆಲಸ ಬೇಗ ಆದವು. ಪಂಚಾಯಿತಿಯವರು ನಲ್ಲಿಯ ಪೈಪನ್ನು ಅಡುಗೆಮನೆಯವರೆಗೆ ಎಳೆದರು, ನಲವತ್ತು ಅಡಿ, ಒಂದು ವಾರದ ಕೆಲಸ. ಇಷ್ಟು ಸಣ್ಣ ಕೆಲಸ ಇಷ್ಟು ವರ್ಷ ನಿಂತಿತ್ತಲ್ಲ ಅಂತ ಹೊಟ್ಟೆ ಉರಿಯಿತು. ಕ್ಯಾನುಗಳಿಗೆ ತಳ್ಳುಗಾಡಿ ಬಂತು. ಹಳೆಯ ವಿದ್ಯಾರ್ಥಿಗಳು ಮಧ್ಯಮ ಗಾತ್ರದ ನಾಲ್ಕು ಪಾತ್ರೆ ಕೊಡಿಸಿದರು. ನಮ್ಮಲ್ಲಿ ಒಂದು ಹೊತ್ತಿಗೆ 22 ಕಿಲೋ ಮೀರಿ ಅಕ್ಕಿ ಬೇಯುತ್ತದೆ. ನೀರು ಸೇರಿದರೆ 60 ಕಿಲೋ ದಾಟುತ್ತದೆ. ಈಗ ಎರಡು ಪಾತ್ರೆಯಲ್ಲಿ ಬೇಯಿಸುತ್ತಾರೆ. ಬಿಸಿ ಪಾತ್ರೆಯನ್ನು ಒಬ್ಬರೇ ಎತ್ತಬಾರದು, ಹಾಲು ಐದು ನಿಮಿಷ ತಡವಾದರೆ ಆಗಲಿ ಅಂತ ಮುಖ್ಯ ಶಿಕ್ಷಕರು ಗೋಡೆಗೆ ಬರೆಸಿದರು. ಗಂಟೆ ಹೊಡೆಯುವುದನ್ನು ನಾವು ಶಿಕ್ಷಕರು ವಾರಕ್ಕೊಬ್ಬರಂತೆ ಹಂಚಿಕೊಂಡೆವು. ಟೀ ಫ್ಲಾಸ್ಕಿನಲ್ಲಿ ಮನೆಯಿಂದ ತರುತ್ತೇವೆ.

ಶೌಚಾಲಯಕ್ಕೆ ಪಂಚಾಯಿತಿಯ ಸ್ವಚ್ಛತಾ ಕೆಲಸದವರು ವಾರಕ್ಕೊಮ್ಮೆ ಬರಲು ಒಪ್ಪಿದ್ದಾರೆ. 194 ಮಕ್ಕಳಿಗೆ ವಾರಕ್ಕೊಮ್ಮೆ ಸಾಲದು. ಆದರೆ ಅಡುಗೆಯವರು ಆ ಕಡೆ ಹೋಗುವುದು ನಿಂತಿದೆ. ಇದನ್ನು ನಾನು ಯಾವ ಕಾರಣಕ್ಕೂ ಮತ್ತೆ ಶುರುವಾಗಲು ಬಿಡುವುದಿಲ್ಲ.

ಬದಲಿ ಆಳಿನ ವಿಷಯ ಬಗೆಹರಿದಿಲ್ಲ. ಊರಿನ ಇಬ್ಬರು ಹೆಂಗಸರ ಹೆಸರು ಬರೆದುಕೊಂಡಿದ್ದೇವೆ, ಕರೆದರೆ ಬರುತ್ತಾರೆ. ಕೂಲಿ ಎಲ್ಲಿಂದ ಅನ್ನುವುದಕ್ಕೆ ದಾರಿಯಿಲ್ಲ. ಸಾಮಗ್ರಿ ದುಡ್ಡನ್ನು ಮುಟ್ಟುವ ಹಾಗಿಲ್ಲ. ಸದ್ಯ ನಾವು ಆರು ಜನ ಶಿಕ್ಷಕರು ತಿಂಗಳಿಗೆ ನೂರು ನೂರು ಹಾಕಿ ಒಂದು ಡಬ್ಬಿ ಇಟ್ಟಿದ್ದೇವೆ. ಇದು ಸರಿಯಾದ ದಾರಿಯಲ್ಲ. ಹುಷಾರಿಲ್ಲದಾಗ ಮನೆಯಲ್ಲಿ ಮಲಗುವುದು ಅವರ ಹಕ್ಕಾಗಬೇಕು, ನಮ್ಮ ದಯೆಯಾಗಬಾರದು. ಇದು ಶಾಲೆಯ ಮಟ್ಟದಲ್ಲಿ ಮುಗಿಯುವ ಮಾತಲ್ಲ.

ನಾಲ್ಕನೆಯವರನ್ನು ಕೊಡಿ ಅಂತ ನೋಟ್‌ಬುಕ್ಕಿನ ಲೆಕ್ಕ ಸೇರಿಸಿ ಮೇಲಿನ ಕಚೇರಿಗೆ ಅರ್ಜಿ ಕೊಟ್ಟೆವು. ಅಲ್ಲಿದ್ದವರು ಪೂರ್ತಿ ಓದಿದರು, ಪಾಪ, ಮರುಗಿದರು. "ನಿಮ್ಮ ಲೆಕ್ಕ ಸರಿ ಇದೆ ಮೇಡಂ. ಆದ್ರೆ 201 ಬೇಕು" ಅಂದರು. ನಮಗೆ ಏಳು ಮಕ್ಕಳು ಕಡಿಮೆ.

ಮಾರ್ಚ್ 2025ರ ರಾಜ್ಯ ಬಜೆಟ್‌ನಲ್ಲಿ ಬಿಸಿಯೂಟದವರ ಗೌರವಧನ 1,000 ರೂಪಾಯಿ ಹೆಚ್ಚಿಸುವ ಮಾತು ಬಂತು. ನಾಯಕನಹಟ್ಟಿ ಜಾತ್ರೆಯ ತಿಂಗಳು ಅದು. ಸುದ್ದಿ ಕೇಳಿ ನಡುವಿನಕ್ಕ ಮೊದಲು ಲೆಕ್ಕ ಹಾಕಿದ್ದು ಸಂಘದ ಸಾಲದ್ದು.

ಇದನ್ನು ಬರೆಯುತ್ತಿರುವುದು 2025ರ ಬೇಸಿಗೆ ರಜೆಯಲ್ಲಿ. ಶಾಲೆಗೆ ಮಕ್ಕಳನ್ನು ಸೇರಿಸಿ ಅಂತ ಮನೆ ಮನೆಗೆ ಹೋಗುತ್ತಿದ್ದೇವೆ. ಚಿಕ್ಕಕ್ಕನೂ ಜೊತೆಗೆ ಬರುತ್ತಾರೆ. ಯಾರೂ ಕರೆದಿಲ್ಲ, ದುಡ್ಡೂ ಇಲ್ಲ. "ಏಳು ಮಕ್ಳು ತಾನೆ ಮಿಸ್" ಅನ್ನುತ್ತಾರೆ. ಏಳನೇ ತರಗತಿ ಮುಗಿಸಿ ಈ ವರ್ಷ 31 ಮಕ್ಕಳು ಹೋಗಿದ್ದಾರೆ. ಒಂದನೇ ತರಗತಿಗೆ ನಿನ್ನೆ ಸಂಜೆವರೆಗೆ 24 ಹೆಸರು ಬಂದಿವೆ. ಚಿಕ್ಕಕ್ಕ ಅದನ್ನೂ ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದಾರೆ: 187.